ಒಂದೇ ನಂಬರಿಗೆ ಎರಡು ಲಾರಿ: ದಾವಣಗೆರೆಯ ವೇಬ್ರಿಜ್ ಕಂಪ್ಯೂಟರ್ 32 ಬಿಟ್‌ನಿಂದ 64 ಬಿಟ್‌ಗೆ ಹೋದ ಪ್ರಕರಣ

ದಾವಣಗೆರೆಯ ಹೆದ್ದಾರಿ ಪಕ್ಕದ ಒಂದು ಖಾಸಗಿ ವೇಬ್ರಿಜ್, ಅಂದರೆ ಲಾರಿ ತೂಗುವ ಕಾಟಾ. ಎಪಿಎಂಸಿಗೆ ಮೆಕ್ಕೆಜೋಳ ತರುವ ಲಾರಿ, ಟ್ರ್ಯಾಕ್ಟರುಗಳು ಇಲ್ಲಿ ಹತ್ತಿ ಇಳಿದು ಮುಂದೆ ಹೋಗುತ್ತವೆ. ಸಣ್ಣ ಕೋಣೆ, ಕಿಟಕಿ ಪಕ್ಕ ತೂಕದ ಇಂಡಿಕೇಟರ್, ಮೇಜಿನ ಕೆಳಗೆ ಕಂಪ್ಯೂಟರ್, ಬಲಕ್ಕೆ 80 ಕಾಲಂನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ತುಂಬಿದ ಲಾರಿಗೆ ಗ್ರಾಸ್, ಖಾಲಿ ಲಾರಿಗೆ ಟೇರ್, ಕಳೆದರೆ ನೆಟ್. ಚೀಟಿ ಮೂರು ಪ್ರತಿ: ಬಿಳಿ ಲಾರಿ ಡ್ರೈವರ್‌ಗೆ, ಗುಲಾಬಿ ಮಂಡಿಗೆ, ಹಳದಿ ಕೋಣೆಯಲ್ಲೇ ಉಳಿಯುತ್ತದೆ. (ಇನ್ನು ಮುಂದೆ ಈ ಬರಹದಲ್ಲಿ ಡ್ರೈವರ್ ಎಂದರೆ ಲಾರಿಯವನಲ್ಲ, ಪ್ರಿಂಟರ್‌ನಂಥ ಸಾಧನಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಸಣ್ಣ ಪ್ರೋಗ್ರಾಂ.)

ಈ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ತರುವಾಗ ಏನೇನು ಕೆಟ್ಟಿತು, ಯಾಕೆ ಕೆಟ್ಟಿತು, ಹೇಗೆ ಸರಿಹೋಯಿತು ಎಂಬುದರ ಪೂರ್ಣ ವಿವರ ಇಲ್ಲಿದೆ. ಶುರುವಿನಲ್ಲಿ ಎಲ್ಲರೂ ಬೈದದ್ದು ಡ್ರೈವರನ್ನು. ನಿಜಕ್ಕೂ ಡ್ರೈವರ್ ತಕರಾರು ಇದ್ದದ್ದು ಎರಡೇ ಕಡೆ. ಉಳಿದದ್ದೆಲ್ಲ, ಹಳೆಯ ಪ್ರೋಗ್ರಾಂ ವಿಂಡೋಸ್ ಬಗ್ಗೆ ಇಟ್ಟುಕೊಂಡಿದ್ದ ನಂಬಿಕೆಗಳು ಸುಳ್ಳಾದದ್ದು.

ಇದ್ದ ವ್ಯವಸ್ಥೆ

ಯಂತ್ರ 2019ರಲ್ಲಿ ಜೋಡಿಸಿದ್ದು. ಇಂಟೆಲ್ ಕೋರ್ ಐ3-8100, ಎಚ್310 ಬೋರ್ಡ್, 4 ಜಿಬಿ ರ್ಯಾಮ್, 120 ಜಿಬಿ ಎಸ್‌ಎಸ್‌ಡಿ. ಪ್ರೊಸೆಸರ್ 64 ಬಿಟ್‌ನದೇ (ಒಮ್ಮೆಗೆ 64 ಬಿಟ್ ಡೇಟಾ ನಿಭಾಯಿಸುವಂಥದ್ದು) ಆದರೂ ಹಾಕಿದ್ದು 32 ಬಿಟ್‌ನ ವಿಂಡೋಸ್ 10 ಪ್ರೊ, ಅದೂ ಹಳೇ ಲೆಗಸಿ ಬೂಟ್‌ನಲ್ಲಿ (ಕಂಪ್ಯೂಟರ್ ಶುರುವಾಗುವ ಹಳೆಯ ವಿಧಾನ), ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೆಯ ಪದ್ಧತಿ) ಡಿಸ್ಕ್ ಮೇಲೆ. ಕಾರಣ ಸರಳ: ತೂಕದ ಸಾಫ್ಟ್‌ವೇರ್‌ನ ಸಿಡಿಯಲ್ಲಿ ಡಾಂಗಲ್‌ಗೆ (ಚುಚ್ಚಿದ್ದರಷ್ಟೇ ಸಾಫ್ಟ್‌ವೇರ್ ಓಡುವ ಯುಎಸ್‌ಬಿ ಲೈಸೆನ್ಸ್ ಕೀಲಿ) 32 ಬಿಟ್ ಡ್ರೈವರ್ ಮಾತ್ರ ಇತ್ತು.

ಆ ಸಾಫ್ಟ್‌ವೇರ್ ವಿಷುವಲ್ ಬೇಸಿಕ್ 6 (ವಿಬಿ6) ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಲೆಕ್ಕವೆಲ್ಲ ಮೈಕ್ರೋಸಾಫ್ಟ್ ಆಕ್ಸೆಸ್‌ನ ಎಂಡಿಬಿ ಎಂಬ ಒಂದು ಡೇಟಾಬೇಸ್ ಫೈಲಿನಲ್ಲಿ. ಇಂಡಿಕೇಟರ್‌ನಿಂದ ತೂಕ ಬರುವುದು ಸೀರಿಯಲ್ ಕೇಬಲ್ ಮೂಲಕ, ಅದನ್ನು ಯುಎಸ್‌ಬಿಗೆ ತಿರುಗಿಸಲು ನೀಲಿ ಬಣ್ಣದ ಅಗ್ಗದ ಕನ್ವರ್ಟರ್. ಚೀಟಿ ಹೋಗುವುದು ಡಾಟ್ ಮ್ಯಾಟ್ರಿಕ್ಸ್‌ಗೆ, ದಿನದ ವರದಿ ಕ್ಯಾನನ್ ಎಲ್‌ಬಿಪಿ2900 ಲೇಸರ್‌ಗೆ. ವರದಿಯ ತಲೆಬರಹ ನುಡಿ ಫಾಂಟಿನ ಕನ್ನಡದಲ್ಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14. ನಮ್ಮ ಕಡೆ ಮೆಕ್ಕೆಜೋಳದ ಆವಕ ಏರುವುದೂ ಅದೇ ಹೊತ್ತಿಗೆ. ಬೆಂಬಲ ಮುಗಿಯಿತೆಂದು ಸುಗ್ಗಿಯ ನಡುವೆ ಕಾಟಾ ಕಂಪ್ಯೂಟರ್ ಬಿಚ್ಚುವುದು ಬುದ್ಧಿವಂತಿಕೆಯಲ್ಲ. ತೂಕ ಮಾಡಲು ಇಂಟರ್‌ನೆಟ್ ಬೇಕಿಲ್ಲವಾದ್ದರಿಂದ ಲ್ಯಾನ್ ಕೇಬಲ್ ಕಿತ್ತು, ಪೆನ್‌ಡ್ರೈವ್ ಹಾಕುವುದನ್ನು ನಿಲ್ಲಿಸಿ, ಸುಗ್ಗಿ ಹಾಗೇ ಕಳೆದರು. ಕೆಲಸ ಹಿಡಿದದ್ದು ಸಂಕ್ರಾಂತಿ ದಾಟಿ, ಫೆಬ್ರವರಿ ಮೊದಲ ವಾರದಲ್ಲಿ. ಈ ತೀರ್ಮಾನ ಸರಿ ಇತ್ತು ಅನ್ನುವುದು ಮುಂದೆ ಗೊತ್ತಾಗುತ್ತದೆ. ಕೆಟ್ಟದ್ದೆಲ್ಲ ನವೆಂಬರ್‌ನಲ್ಲಿ ಕೆಟ್ಟಿದ್ದರೆ ಲಾರಿ ಸಾಲು ಹೆದ್ದಾರಿ ಮುಟ್ಟುತ್ತಿತ್ತು.

ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ

ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅದರ ಮೇಲೆ 32 ಬಿಟ್ ಪ್ರೋಗ್ರಾಂ ಓಡುತ್ತದೆ, ಅದಕ್ಕೆಂದೇ ಒಳಗೆ ಒಂದು ಪದರ ಇದೆ. 32 ಬಿಟ್ ಡ್ರೈವರ್ ಮಾತ್ರ ಯಾವ ಉಪಾಯ ಮಾಡಿದರೂ ಓಡುವುದಿಲ್ಲ, ಯಾಕೆಂದರೆ ಅದು ಕೆಲಸ ಮಾಡುವುದು ವಿಂಡೋಸ್‌ನ ತಿರುಳಾದ ಕರ್ನೆಲ್ ಒಳಗೆ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳೂ ಇಲ್ಲಿ ನೇರವಾಗಿ ಓಡವು. ಡಾಸ್‌ನ ಫಾಕ್ಸ್‌ಪ್ರೊದಲ್ಲಿ ಲೆಕ್ಕ ಇಟ್ಟಿರುವ ಮಂಡಿಗಳಿಗೆ ಈ ಮಾತು ನೆನಪಿರಲಿ. ಅವರಿಗೆ ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರ್ (ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ) ಬೇಕಾಗುತ್ತದೆ.

32 ಬಿಟ್ ವಿಂಡೋಸ್ ಮೇಲೆ ಕೂತು 64 ಬಿಟ್‌ಗೆ ಅಪ್‌ಗ್ರೇಡ್ ಒತ್ತುವ ದಾರಿಯೇ ಇಲ್ಲ. ಹೊಸದಾಗಿ ಹಾಕಬೇಕು. ಲೈಸೆನ್ಸ್‌ಗೆ ತೊಂದರೆಯಿಲ್ಲ: ವಿಂಡೋಸ್ 10 ಪ್ರೊದ ಡಿಜಿಟಲ್ ಲೈಸೆನ್ಸ್ ಅದೇ ಬೋರ್ಡ್ ಮೇಲೆ 64 ಬಿಟ್‌ನ 11 ಪ್ರೊಗೂ ನಡೆಯುತ್ತದೆ. ಐ3-8100 ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿದೆ. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಪ್ರತ್ಯೇಕವಾಗಿ ಕೊಳ್ಳಬೇಕಿಲ್ಲ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡಿನ ಸ್ವಂತ ಸೆಟ್ಟಿಂಗ್) ಇಂಟೆಲ್ ಪ್ಲಾಟ್‌ಫಾರ್ಮ್ ಟ್ರಸ್ಟ್ ಟೆಕ್ನಾಲಜಿ, ಅಂದರೆ ಪಿಟಿಟಿ, ಆನ್ ಮಾಡಿದರೆ ಸಾಕು. ಲೆಗಸಿ ಬೂಟ್‌ಗೆ ದಾರಿ ಕೊಡುವ ಸಿಎಸ್‌ಎಂ ಆಫ್, ಸಹಿ ಇರುವ ವ್ಯವಸ್ಥೆಯನ್ನಷ್ಟೇ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆನ್. ಬದಲಿಸುವ ಮುಂಚೆ ಬಯಾಸ್‌ನ ಪ್ರತಿ ಪುಟದ ಫೋಟೊ ಮೊಬೈಲಲ್ಲಿ ತೆಗೆದಿಟ್ಟರು.

ಹಳೆಯ ಡಿಸ್ಕ್ ಮುಟ್ಟಲಿಲ್ಲ

ಎಂಬಿಆರ್ ಡಿಸ್ಕನ್ನು ಜಿಪಿಟಿ ಎಂಬ ಹೊಸ ಪದ್ಧತಿಗೆ ತಿರುಗಿಸುವ ಸಾಧನ ವಿಂಡೋಸ್‌ನಲ್ಲೇ ಇದೆ. ಇಲ್ಲಿ ಅದನ್ನು ಬಳಸಲಿಲ್ಲ. ಹೊಸ 256 ಜಿಬಿ ಎಸ್‌ಎಸ್‌ಡಿ ತಂದು ಅದಕ್ಕೆ ವಿಂಡೋಸ್ 11 ಹಾಕಿದರು, ರ್ಯಾಮ್ 8 ಜಿಬಿ ಮಾಡಿದರು, ಹಳೆಯ 120 ಜಿಬಿ ಡಿಸ್ಕನ್ನು ಕಿತ್ತು ಡ್ರಾಯರ್‌ನಲ್ಲಿಟ್ಟರು. ಎಡವಟ್ಟಾದರೆ ಕೇಬಲ್ ಬದಲಿಸಿ, ಬಯಾಸ್‌ನಲ್ಲಿ ಸಿಎಸ್‌ಎಂ ಆನ್ ಮಾಡಿದರೆ ಹತ್ತು ನಿಮಿಷದಲ್ಲಿ ಹಳೆಯ ಕಾಟಾ ವಾಪಸ್. ಯಾವ ಬ್ಯಾಕಪ್ ಸಾಫ್ಟ್‌ವೇರೂ ಇಷ್ಟು ಬೇಗ ವಾಪಸ್ ತರುವುದಿಲ್ಲ.

ಇದರಲ್ಲೊಂದು ಮುಳ್ಳಿದೆ. ವಿಂಡೋಸ್ 11ರ 24ಎಚ್2 ಮತ್ತು ನಂತರದ ಆವೃತ್ತಿಗಳನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ಎನ್‌ಕ್ರಿಪ್ಷನ್ (ಡಿಸ್ಕಿನ ಡೇಟಾಗೆ ಬೀಗ) ತಾನಾಗಿಯೇ ಆನ್ ಆಗುವುದುಂಟು. ಆಮೇಲೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಅತ್ತಿತ್ತ ಮಾಡಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಖಾತೆ ಯಾರ ಮೊಬೈಲ್ ನಂಬರ್ ಮೇಲಿದೆ ಎಂದು ಆಗ ಹುಡುಕುತ್ತ ಕೂರಬೇಕು. ಹಾಗಾಗಿ ಹಾಕಿದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಡಿವೈಸ್ ಎನ್‌ಕ್ರಿಪ್ಷನ್ ನೋಡಿ, ಇಡುವುದಾದರೆ ಕೀಯನ್ನು ಕಾಗದದಲ್ಲಿ ಬರೆದಿಡಬೇಕು.

ಹಳೆಯ ಡಿಸ್ಕ್ ಬಿಚ್ಚುವ ಮುಂಚೆ ತೆಗೆದಿಟ್ಟದ್ದು: ಸಾಫ್ಟ್‌ವೇರ್‌ನ ಇಡೀ ಫೋಲ್ಡರ್, ಅದರೊಳಗಿನ ಎಂಡಿಬಿ, ವರದಿ ಫೈಲುಗಳು, ಸಿಸ್ಟಮ್32 ಫೋಲ್ಡರ್‌ನಲ್ಲಿದ್ದ ಒಸಿಎಕ್ಸ್ ಫೈಲುಗಳು (ಪ್ರೋಗ್ರಾಂ ಬಳಸುವ ಸಿದ್ಧ ಘಟಕಗಳು), ನುಡಿ ಫಾಂಟುಗಳು. ಇವುಗಳ ಜೊತೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್ ಇಡುವ ಜಾಗ) ಎರಡು ತುಣುಕು. ವಿಬಿ6 ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗನ್ನು ಬಹಳ ಸಲ ಕರೆಂಟ್ ಯೂಸರ್ ಕೆಳಗಿನ ಸಾಫ್ಟ್‌ವೇರ್, ಅದರೊಳಗೆ ‘ವಿಬಿ ಆಂಡ್ ವಿಬಿಎ ಪ್ರೋಗ್ರಾಂ ಸೆಟ್ಟಿಂಗ್ಸ್’ ಎಂಬಲ್ಲಿ ಇಡುತ್ತವೆ. ಕಾಮ್ (ಸೀರಿಯಲ್) ಪೋರ್ಟ್ ನಂಬರ್, ಬಾಡ್ ರೇಟ್ (ಡೇಟಾ ಹರಿಯುವ ವೇಗ), ಸಂಸ್ಥೆಯ ಹೆಸರು ಎಲ್ಲ ಅಲ್ಲೇ ಸಿಕ್ಕವು. ಇನ್ನೊಂದು ತುಣುಕು ಲೋಕಲ್ ಮಷೀನ್ ಕೆಳಗಿನದು. ಇದನ್ನು 64 ಬಿಟ್ ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಸೇರಿಸಿದರೆ 64 ಬಿಟ್ ಭಾಗಕ್ಕೆ ಹೋಗಿ ಕೂರುತ್ತದೆ. 32 ಬಿಟ್ ಪ್ರೋಗ್ರಾಂ ಹುಡುಕುವುದು ವಾವ್6432ನೋಡ್ ಎಂಬ ಬೇರೆ ಜಾಗದಲ್ಲಿ. ಸಿಸ್‌ವಾವ್64 ಫೋಲ್ಡರ್‌ನೊಳಗಿನ ರೆಜ್‌ಎಡಿಟ್‌ನಿಂದ ಸೇರಿಸಿದರೆ ಸರಿಯಾದ ಜಾಗಕ್ಕೆ ಬೀಳುತ್ತದೆ.

ಹೆಸರಿನ ಈ ಗೊಂದಲ ಎಲ್ಲೆಲ್ಲೂ ಇದೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಎಂಬ ಫೋಲ್ಡರ್‌ನಲ್ಲಿರುವುದು 64 ಬಿಟ್ ಫೈಲುಗಳು, ಸಿಸ್‌ವಾವ್64ರಲ್ಲಿರುವುದು 32 ಬಿಟ್ ಫೈಲುಗಳು. ಉಲ್ಟಾ ಅನಿಸಿದರೆ ಅನಿಸಲಿ, ಹಾಗೇ ನೆನಪಿಟ್ಟುಕೊಳ್ಳಬೇಕು. ವಿಬಿ6ರ ಮೂಲ ರನ್‌ಟೈಮ್ (ಪ್ರೋಗ್ರಾಂ ಓಡಲು ಬೇಕಾದ ಫೈಲುಗಳು) ವಿಂಡೋಸ್ 11ರಲ್ಲೂ ಬರುತ್ತದೆ, ಎಂಡಿಬಿ ಓದುವ ಜೆಟ್ 4.0 ಕೂಡ 32 ಬಿಟ್ ರೂಪದಲ್ಲಿ ಇದೆ. ಬಾರದೇ ಇರುವುದು ಒಸಿಎಕ್ಸ್‌ಗಳು. ಸೀರಿಯಲ್ ಪೋರ್ಟ್ ಓದುವ ಎಂಎಸ್‌ಕಾಮ್32 ಒಸಿಎಕ್ಸನ್ನು ಸಿಸ್‌ವಾವ್64ಕ್ಕೆ ಹಾಕಿ, ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು, ಅದೇ ಫೋಲ್ಡರ್‌ನ ರೆಗ್‌ಎಸ್‌ವಿಆರ್32ರಿಂದ ನೋಂದಾಯಿಸಬೇಕು. ಸಿಸ್ಟಮ್32ಕ್ಕೆ ಹಾಕಿದರೆ ಫೈಲ್ ಕಣ್ಣೆದುರೇ ಇದ್ದರೂ ಪ್ರೋಗ್ರಾಂ ‘ಕಾಣೆಯಾಗಿದೆ’ ಅನ್ನುತ್ತದೆ.

ವಿಂಡೋಸ್ ಹಾಕಿದ ಕೆಲಸದಲ್ಲಿ ಹೇಳುವಂಥದ್ದೇನಿಲ್ಲ. ಗ್ರಾಫಿಕ್ಸ್, ಲ್ಯಾನ್, ಸೌಂಡ್ ಎಲ್ಲದರ ಡ್ರೈವರ್ ಅಪ್‌ಡೇಟ್‌ನಿಂದಲೇ ಬಂದವು. ಕ್ಯಾನನ್ ಲೇಸರ್‌ಗೆ ಕಂಪನಿ ತಾಣದಿಂದ 64 ಬಿಟ್ ಡ್ರೈವರ್ ಇಳಿಸಿ, ಕೇಬಲ್ ಕಿತ್ತಿಟ್ಟು ಸೆಟಪ್ ಓಡಿಸಿ, ಅದು ಕೇಳಿದಾಗ ಚುಚ್ಚಿದರೆ ಆಯಿತು.

ತೂಕ ಸೊನ್ನೆಯಲ್ಲೇ ನಿಂತದ್ದು

“ಅಣ್ಣ, ಇಂಡಿಕೇಟರ್‌ನಾಗೆ ತೂಕ ಐತಿ, ಸ್ಕ್ರೀನ್‌ನಾಗೆ ಬರೀ ಸೊನ್ನೆ” ಎಂದ ಕಾಟಾ ಹುಡುಗ. ಡಿವೈಸ್ ಮ್ಯಾನೇಜರ್ ತೆರೆದರೆ ಪೋರ್ಟ್‌ಗಳ ಕೆಳಗೆ ಹಳದಿ ಗುರುತು, ಪಕ್ಕದಲ್ಲಿ ಪಿಎಲ್2303ಎಚ್‌ಎಕ್ಸ್‌ಎ 2012ರಿಂದ ನಿಂತುಹೋಗಿದೆ, ಮಾರಿದವರನ್ನು ಸಂಪರ್ಕಿಸಿ ಎಂಬ ಅರ್ಥದ ಇಂಗ್ಲಿಷ್ ಸಾಲು. ಡಿವೈಸ್‌ನ ಹೆಸರಿನ ಜಾಗದಲ್ಲೇ ಬೈಗುಳ ಬರೆದಂತೆ.

ಈ ಚಿಪ್ ಪ್ರೊಲಿಫಿಕ್ ಕಂಪನಿಯದು. ಇದರ ಹಳೆಯ ಎಚ್‌ಎಕ್ಸ್‌ಎ, ಎಕ್ಸ್‌ಎ ಮಾದರಿಗಳಿಗೆ ಹೊಸ ಡ್ರೈವರ್‌ಗಳಲ್ಲಿ ಬೆಂಬಲ ಇಲ್ಲ. ಈ ಚಿಪ್‌ನ ನಕಲುಗಳೂ ಮಾರುಕಟ್ಟೆಯಲ್ಲಿ ಹೇರಳ. ಕನ್ವರ್ಟರ್‌ನೊಳಗೆ ಯಾವ ಚಿಪ್ ಇದೆ ಎಂದು ಡಬ್ಬಿ ನೋಡಿ ಹೇಳಲಾಗದು. ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಬೇಕು. ವಿಐಡಿ (ತಯಾರಕರ ಗುರುತಿನ ಸಂಖ್ಯೆ) 067ಬಿ ಇದ್ದರೆ ಪ್ರೊಲಿಫಿಕ್, 0403 ಇದ್ದರೆ ಎಫ್‌ಟಿಡಿಐ, 1ಎ86 ಇದ್ದರೆ ಸಿಎಚ್340 ವರ್ಗ.

ಎಲ್ಲರೂ ಹೇಳುವ ಪರಿಹಾರ 2008ರ 3.3.2.105 ಡ್ರೈವರ್‌ಗೆ ಹಿಂದಿರುಗುವುದು. ಹಾಕಿದರು, ತೂಕ ಬಂತು. ಮರುದಿನ ಬೆಳಿಗ್ಗೆ ಮತ್ತೆ ಸೊನ್ನೆ: ರಾತ್ರಿ ವಿಂಡೋಸ್ ಅಪ್‌ಡೇಟ್ ಹೊಸ ಡ್ರೈವರನ್ನೇ ತಂದು ಕೂರಿಸಿತ್ತು. ಅಪ್‌ಡೇಟ್ ನಿಲ್ಲಿಸಿ ಎಂಬ ಸಲಹೆಯೂ ಬಂತು. ಅಪ್‌ಡೇಟ್‌ಗಾಗಿಯೇ ವಿಂಡೋಸ್ ಬದಲಿಸಿ, ಒಂದು ಕನ್ವರ್ಟರ್‌ಗಾಗಿ ಅದನ್ನೇ ನಿಲ್ಲಿಸುವುದು ತಲೆಕೆಳಗಾದ ಲೆಕ್ಕ.

ಕ್ಯಾಬಿನೆಟ್ ಬಿಚ್ಚಿ ನೋಡಿದರೆ ಬೋರ್ಡ್ ಮೇಲೆ ‘ಕಾಮ್’ ಎಂದು ಬರೆದ 10 ಪಿನ್ನಿನ ಹೆಡರ್ (ಕೇಬಲ್ ಸಿಕ್ಕಿಸುವ ಪಿನ್ನುಗಳ ಗುಂಪು) ಮೊದಲ ದಿನದಿಂದ ಖಾಲಿ ಕೂತಿತ್ತು. ಅಸಲಿ ಸೀರಿಯಲ್ ಪೋರ್ಟ್ ಬೋರ್ಡಿನಲ್ಲೇ ಇದ್ದು, ಆರು ವರ್ಷ ಕನ್ವರ್ಟರ್ ನಂಬಿಕೊಂಡಿದ್ದರು. ಇದಕ್ಕೆ ಡ್ರೈವರ್ ವಿಂಡೋಸ್‌ನಲ್ಲೇ ಇದೆ, ಯಾವ ಅಪ್‌ಡೇಟೂ ಕೆಡಿಸುವುದಿಲ್ಲ. ಬೇಕಾದದ್ದು ಹೆಡರ್‌ನಿಂದ ಹಿಂಬದಿಗೆ ಬರುವ, ಡಿಬಿ9 (9 ಪಿನ್ನಿನ ಸೀರಿಯಲ್ ಕನೆಕ್ಟರ್) ಇರುವ ಬ್ರಾಕೆಟ್ ಮಾತ್ರ.

ಬ್ರಾಕೆಟ್ ತಂದು ಹಾಕಿದರು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್1 ಬಂತು, ತೂಕ ಬರಲಿಲ್ಲ. ಇಂಥ ಬ್ರಾಕೆಟ್‌ಗಳಲ್ಲಿ ಎರಡು ಬಗೆಯ ಜೋಡಣೆ ಇವೆ, ನೋಡಲು ಎರಡೂ ಒಂದೇ. ಒಂದರಲ್ಲಿ ಹೆಡರ್‌ನ 2, 3, 5ನೇ ಪಿನ್‌ಗಳು ಡಿಬಿ9ರ 2, 3, 5ಕ್ಕೇ ಹೋಗುತ್ತವೆ. ಇನ್ನೊಂದರಲ್ಲಿ ಹೆಡರ್‌ನ 3 ಹೋಗುವುದು ಡಿಬಿ9ರ 2ಕ್ಕೆ, 5 ಹೋಗುವುದು 3ಕ್ಕೆ, 9 ಹೋಗುವುದು 5ಕ್ಕೆ. ಈ ಬೋರ್ಡಿನ ಕೈಪಿಡಿ ಪ್ರಕಾರ ಹೆಡರ್‌ನ 2 ಒಳಬರುವ ಡೇಟಾ, 3 ಹೊರಹೋಗುವ ಡೇಟಾ, 5 ಗ್ರೌಂಡ್. ಅಂದರೆ ಬೇಕಾದದ್ದು ಮೊದಲ ಬಗೆ. ಪರೀಕ್ಷೆ ಸುಲಭ: ಕರೆಂಟ್ ತೆಗೆದು, ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಒಂದು ಕಡ್ಡಿ ಕ್ಯಾಬಿನೆಟ್ ಲೋಹಕ್ಕೆ, ಇನ್ನೊಂದು ಡಿಬಿ9ರ 5ನೇ ಪಿನ್‌ಗೆ. ಬೀಪ್ ಬರಬೇಕು. ಇಲ್ಲಿ ಬೀಪ್ ಬಂದದ್ದು 3ನೇ ಪಿನ್‌ಗೆ. ಅಂಗಡಿಗೆ ಹೋಗಿ ಇನ್ನೊಂದು ಬಗೆಯದನ್ನು ಬದಲಾಯಿಸಿ ತಂದರು. ಆಮೇಲೆ 2 ಮತ್ತು 3ನೇ ಪಿನ್‌ಗೆ ಜೆಮ್ ಕ್ಲಿಪ್ ಸಿಕ್ಕಿಸಿ, ‘ಪುಟ್ಟಿ’ ಎಂಬ ಟರ್ಮಿನಲ್ ಪ್ರೋಗ್ರಾಂ ತೆರೆದು, ಸೀರಿಯಲ್ ಕಾಮ್1 ಆರಿಸಿ, ಫ್ಲೋ ಕಂಟ್ರೋಲ್ ‘ನನ್’ (ಬೇಡ) ಎಂದು ಇಟ್ಟು ಏನಾದರೂ ಟೈಪ್ ಮಾಡಿದರೆ ಅದೇ ಅಕ್ಷರ ವಾಪಸ್ ಬಂತು. ಪೋರ್ಟ್ ಸರಿ.

ಇಂಡಿಕೇಟರ್ ಜೋಡಿಸಿ 9600 ಬಾಡ್ ವೇಗದಲ್ಲಿ ನೋಡಿದರೆ ಕಸದಂಥ ಚಿಹ್ನೆಗಳು. 2400, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಇಟ್ಟಾಗ ತೂಕ ಸ್ವಚ್ಛವಾಗಿ ಸಾಲುಸಾಲಾಗಿ ಇಳಿಯಿತು. ರಿಜಿಸ್ಟ್ರಿಯಿಂದ ತೆಗೆದಿಟ್ಟ ಸೆಟ್ಟಿಂಗಿನಲ್ಲೂ 2400 ಎಂದೇ ಇತ್ತು. ಮೊದಲೇ ನೋಡಿದ್ದರೆ ಅಷ್ಟೂ ಹೊತ್ತು ಉಳಿಯುತ್ತಿತ್ತು. ಒಂದು ಎಚ್ಚರಿಕೆ: ತೂಕ, ಅಳತೆ ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವುದು ಇಂಡಿಕೇಟರ್‌ಗೆ, ಕಂಪ್ಯೂಟರ್‌ಗಲ್ಲ. ಹೊಂದಿಸುವುದೇನಿದ್ದರೂ ಕಂಪ್ಯೂಟರ್ ಕಡೆಯಿಂದ. ಬಾಡ್ ರೇಟ್ ಬದಲಿಸಲೆಂದು ಸೀಲ್ ಬಿಚ್ಚಿದರೆ ಮತ್ತೆ ಸತ್ಯಾಪನೆ ಆಗುವವರೆಗೆ ಕಾಟಾ ಬಂದ್.

ಕನ್ವರ್ಟರೇ ಗತಿ ಎನ್ನುವವರಿಗೆ ಇನ್ನೆರಡು ಮಾತು. ಬೇರೆ ಬೇರೆ ಯುಎಸ್‌ಬಿ ತೂತಿಗೆ ಹಾಕಿದಂತೆಲ್ಲ ಕಾಮ್ ನಂಬರ್ ಏರುತ್ತ ಹೋಗಬಹುದು, ಎಂಎಸ್‌ಕಾಮ್ ಒಪ್ಪುವುದು 1ರಿಂದ 16ರವರೆಗೆ ಮಾತ್ರ. ಪೋರ್ಟ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್‌ನಲ್ಲಿ ನಂಬರ್ ಇಳಿಸಬಹುದು. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿರಬೇಕು. ಇಲ್ಲದಿದ್ದರೆ ಮಧ್ಯಾಹ್ನ ಲಾರಿ ಇಲ್ಲದ ಹೊತ್ತಲ್ಲಿ ಪೋರ್ಟ್ ಮಲಗುತ್ತದೆ, ಲಾರಿ ಬಂದಾಗ ಏಳುವುದಿಲ್ಲ.

ಡಾಂಗಲ್

ಇದು ನಿಜವಾದ ಡ್ರೈವರ್ ತಕರಾರಿನ ಎರಡನೆಯದು, ಹೆದರಿದ್ದಕ್ಕಿಂತ ಬೇಗ ಮುಗಿಯಿತು. ಹಾರ್ಡ್‌ವೇರ್ ಐಡಿಯಲ್ಲಿ ವಿಐಡಿ 0529 ಕಂಡಿತು. ಅದು ಅಲಾದಿನ್ ಕಂಪನಿಯ ಹ್ಯಾಸ್ಪ್. ಆ ವ್ಯವಹಾರ ಕೈಬದಲಾಗುತ್ತ ಸೇಫ್‌ನೆಟ್, ಜೆಮಾಲ್ಟೊ ದಾಟಿ ಈಗ ಥೇಲ್ಸ್ ಬಳಿ ಇದೆ. ಸಾಫ್ಟ್‌ವೇರ್ ಕೊಟ್ಟವರ ಫೋನ್ ಹತ್ತದಿದ್ದರೂ ಡಾಂಗಲ್ ತಯಾರಕರ ರನ್‌ಟೈಮ್ ಸಿಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 64 ಬಿಟ್ ರನ್‌ಟೈಮ್ ಹಾಕಿ, ಆಮೇಲೆ ಡಾಂಗಲ್ ಚುಚ್ಚಿದರೆ ಅದರ ದೀಪ ಹತ್ತಿತು. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 1947ನೇ ಪೋರ್ಟ್ ತೆರೆದರೆ ಕೀ ಪಟ್ಟಿಯಲ್ಲಿ ಕಾಣುತ್ತದೆ.

ಇದರ ಮಧ್ಯೆ ಎರಡು ಕೆಟ್ಟ ಸಲಹೆ ಬಂದಿದ್ದವು. ಒಂದು, ಬೂಟ್ ಮಾಡುವಾಗ ಡ್ರೈವರ್ ಸಹಿ ಪರೀಕ್ಷೆ ಆಫ್ ಮಾಡುವುದು. ಅದು ಒಂದು ಬೂಟ್‌ಗಷ್ಟೇ. ಕರೆಂಟ್ ಹೋಗಿ ಬಂದರೆ ಮತ್ತೆ ಮೊದಲಿಂದ. ಅಲ್ಲದೆ 32 ಬಿಟ್ ಡ್ರೈವರ್‌ಗೆ ಅದರಿಂದ ಪ್ರಯೋಜನವೂ ಇಲ್ಲ. ಇನ್ನೊಂದು, ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಆಫ್ ಮಾಡುವುದು. ಹಳೆಯ ಡ್ರೈವರನ್ನು ಅದು ತಡೆಯುವುದು ನಿಜ. ಆದರೆ ಹೊಸ ರನ್‌ಟೈಮ್ ಸಿಗುವಾಗ ಕಾವಲುಗಾರನನ್ನು ಮನೆಗೆ ಕಳಿಸುವ ಕೆಲಸ ಏತಕ್ಕೆ?

ಒಂದೇ ನಂಬರಿಗೆ ಎರಡು ಲಾರಿ

ಇಡೀ ಪ್ರಕರಣದ ಗಂಟು ಇಲ್ಲಿದೆ, ಇದಕ್ಕೂ ಡ್ರೈವರ್‌ಗೂ ಸಂಬಂಧವಿಲ್ಲ.

ಸಾಫ್ಟ್‌ವೇರ್ ಫೋಲ್ಡರನ್ನು ಮೊದಲಿದ್ದ ಜಾಗಕ್ಕೆ ಹೋಲುವ ಜಾಗದಲ್ಲೇ, ಅಂದರೆ ಪ್ರೋಗ್ರಾಂ ಫೈಲ್ಸ್ ಎಕ್ಸ್86ರ ಒಳಗೆ, ಹಾಕಿದ್ದರು. ಹಳೆಯ ಡಿಸ್ಕಿನ ಕೊನೆಯ ಚೀಟಿ 48,212. ಹೊಸದರಲ್ಲಿ 48,213ರಿಂದ ಶುರುವಾಗಿ ಎರಡು ದಿನದಲ್ಲಿ 48,296ರವರೆಗೆ ಹೋಯಿತು. ಡಾಟ್ ಮ್ಯಾಟ್ರಿಕ್ಸ್‌ಗೆ ಚೀಟಿ ಹೋಗದೆ ತಾತ್ಕಾಲಿಕವಾಗಿ ಲೇಸರ್‌ನಲ್ಲಿ ತೆಗೆದು ಕೊಡುತ್ತಿದ್ದರು. ಮೂರನೇ ದಿನ ಯಾರೋ ‘ಪರ್ಮಿಷನ್ ಪ್ರಾಬ್ಲಂ ಇರಬೇಕು’ ಎಂದು ಶಾರ್ಟ್‌ಕಟ್‌ನಲ್ಲಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಟಿಕ್ ಮಾಡಿದರು. ಚೀಟಿ ಆಗಲೂ ಹೋಗಲಿಲ್ಲ. ಸಂಜೆ ಮಂಡಿಯಿಂದ ಫೋನ್ ಬಂತು: “ಏನ್ರೀ ಇದು, ಒಂದೇ ನಂಬರಿಗೆ ಎರಡು ಲಾರಿ ಹೆಂಗ್ ಬಂದ್ವು? ಒಂದು ಜಗಳೂರಿಂದು, ಇನ್ನೊಂದು ಹರಪನಹಳ್ಳಿದು!” ನೋಡಿದರೆ ಆ ದಿನದ ಚೀಟಿಗಳು ಮತ್ತೆ 48,213ರಿಂದ ಶುರುವಾಗಿ 48,223ಕ್ಕೆ ಬಂದಿದ್ದವು. ನಡುವಿನ ಎರಡು ದಿನದ ಲೆಕ್ಕ ಸ್ಕ್ರೀನಿನಿಂದಲೇ ಮಾಯ.

ಲೆಕ್ಕ ಎಲ್ಲೂ ಹೋಗಿರಲಿಲ್ಲ. ವಿಸ್ಟಾ ಕಾಲದಿಂದ ವಿಂಡೋಸ್ ಪ್ರೋಗ್ರಾಂ ಫೈಲ್ಸ್ ಒಳಗೆ ಸಾಮಾನ್ಯ ಪ್ರೋಗ್ರಾಂಗಳಿಗೆ ಬರೆಯಲು ಬಿಡುವುದಿಲ್ಲ. ಹಳೆಯ 32 ಬಿಟ್ ಪ್ರೋಗ್ರಾಂ ಬರೆಯಲು ಹೋದಾಗ ಬೈದು ಕಳಿಸುವ ಬದಲು, ಆ ಫೈಲಿನ ನಕಲೊಂದನ್ನು ಬಳಕೆದಾರನ ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಎಂಬ ಫೋಲ್ಡರ್‌ನಲ್ಲಿ ಮಾಡಿ ಅಲ್ಲಿಗೆ ಬರೆಸುತ್ತದೆ. ಪ್ರೋಗ್ರಾಂಗೆ ಇದು ತಿಳಿಯುವುದೇ ಇಲ್ಲ. ಮೊದಲೆರಡು ದಿನದ 84 ಚೀಟಿ ಹೋದದ್ದು ಆ ನಕಲಿಗೆ. ಅಡ್ಮಿನ್ ಆಗಿ ಓಡಿಸಿದಾಗ ಈ ಏರ್ಪಾಡು ಇರುವುದಿಲ್ಲ. ಪ್ರೋಗ್ರಾಂ ಅಸಲಿ ಎಂಡಿಬಿಯನ್ನೇ ತೆರೆಯಿತು, ಅದರಲ್ಲಿ ಕೊನೆಯ ನಂಬರ್ 48,212 ಇತ್ತು. ಮೂರನೇ ದಿನದ 11 ಚೀಟಿ ಹೋದದ್ದು ಅಸಲಿಗೆ. ಹಳೆಯ ವಿಂಡೋಸ್ 10ರಲ್ಲಿ ಯುಎಸಿ (ಅಡ್ಮಿನ್ ಹಕ್ಕು ಬೇಕಾದಾಗ ಅನುಮತಿ ಕೇಳುವ ವಿಂಡೋಸ್‌ನ ಕಾವಲು) ಪೂರ್ತಿ ಆಫ್ ಮಾಡಿಟ್ಟಿದ್ದರಿಂದ ಆರು ವರ್ಷ ಇದು ಬಯಲಾಗಿರಲಿಲ್ಲ.

ಖಚಿತಪಡಿಸಿಕೊಳ್ಳಲು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ‘ಯುಎಸಿ ವರ್ಚುವಲೈಸೇಷನ್’ ಕಾಲಂ ಸೇರಿಸಿ ನೋಡಬಹುದು. ಎನೇಬಲ್ಡ್ ಎಂದಿದ್ದರೆ ಆ ಪ್ರೋಗ್ರಾಂನ ಬರಹ ಬೇರೆಡೆ ಹೋಗುವ ಸಾಧ್ಯತೆ ಇದೆ.

ಸರಿಪಡಿಸಿದ್ದು ಹೀಗೆ. ಮೊದಲು ಪ್ರೋಗ್ರಾಂ ಮುಚ್ಚಿ ಎರಡೂ ಎಂಡಿಬಿಗಳ ನಕಲು ತೆಗೆದು ಬೇರೆ ಹೆಸರಲ್ಲಿ ಪೆನ್‌ಡ್ರೈವ್‌ಗೆ ಹಾಕಿದರು. ಹೆಚ್ಚು ಚೀಟಿ ಇದ್ದ ನಕಲನ್ನು ಇನ್ನು ಮುಂದಿನ ಅಸಲಿ ಎಂದು ಇಟ್ಟುಕೊಂಡರು. ಮೂರನೇ ದಿನದ 11 ಚೀಟಿಯನ್ನು ಕೋಣೆಯಲ್ಲಿ ಉಳಿದ ಪ್ರತಿ ನೋಡಿ 48,297ರಿಂದ 48,307ರವರೆಗಿನ ಹೊಸ ನಂಬರಿನಲ್ಲಿ ಕೈಯಾರೆ ಏರಿಸಿ, ಹಳೆಯ ನಂಬರನ್ನು ಷರಾ ಕಾಲಂನಲ್ಲಿ ಬರೆದು, ಮಂಡಿಗಳಿಗೆ ತಿದ್ದಿದ ಚೀಟಿ ಕಳಿಸಿದರು. ಎರಡು ಎಂಡಿಬಿಯನ್ನು ಆಕ್ಸೆಸ್‌ನಲ್ಲಿ ತೆರೆದು ಕೂಡಿಸಬಹುದಿತ್ತು; 11 ಚೀಟಿಗೆ ಆ ಸಾಹಸ ಬೇಡ, ಗ್ರಾಸ್ ಮತ್ತು ಟೇರ್ ಬೇರೆ ಬೇರೆ ಟೇಬಲ್‌ನಲ್ಲಿದ್ದರೆ ಕೊಂಡಿ ತಪ್ಪುತ್ತದೆ. ಕೊನೆಗೆ ಇಡೀ ಫೋಲ್ಡರನ್ನು ಪ್ರೋಗ್ರಾಂ ಫೈಲ್ಸ್‌ನಿಂದ ಎತ್ತಿ ಸಿ ಡ್ರೈವ್‌ನ ನೇರ ಕೆಳಗೆ ‘ಕಾಟಾ’ ಎಂಬ ಫೋಲ್ಡರ್‌ಗೆ ಹಾಕಿದರು. ಅಲ್ಲಿ ಸಾಮಾನ್ಯ ಬಳಕೆದಾರರಿಗೂ ಬರೆಯುವ ಹಕ್ಕು ಇರುತ್ತದೆ. ವರ್ಚುವಲ್‌ಸ್ಟೋರ್‌ನಲ್ಲಿದ್ದ ನಕಲನ್ನು ಅಳಿಸಿದರು, ಶಾರ್ಟ್‌ಕಟ್‌ನ ಅಡ್ಮಿನ್ ಟಿಕ್ ತೆಗೆದರು.

ಚೀಟಿ ಯಾಕೆ ಹೋಗಲಿಲ್ಲ ಎಂಬುದಕ್ಕೂ ಇದೇ ಟಿಕ್ ಅಡ್ಡ ಬಂದಿತ್ತು. ಪ್ರೋಗ್ರಾಂ ಚೀಟಿ ಕಳಿಸುವುದು ವಿಂಡೋಸ್ ಪ್ರಿಂಟರ್‌ಗಲ್ಲ, ನೇರ ಎಲ್‌ಪಿಟಿ1 ಎಂಬ ಹಳೆಯ ಕಾಲದ ಪ್ರಿಂಟರ್ ಪೋರ್ಟಿಗೆ. ಪ್ರಿಂಟರ್ ಇರುವುದು ಯುಎಸ್‌ಬಿಯಲ್ಲಿ. ಹಳೆಯ ಡಿಸ್ಕಿನ ಸ್ಟಾರ್ಟಪ್ ಫೋಲ್ಡರ್‌ನಲ್ಲಿ, ಲಾಗಿನ್ ಆದಾಗ ತಾನೇ ಓಡುವಂತೆ, ಒಂದೇ ಸಾಲಿನ ಬ್ಯಾಚ್ (ಕಮಾಂಡ್) ಫೈಲ್ ಇತ್ತು: ನೆಟ್ ಯೂಸ್ ಕಮಾಂಡ್‌ನಿಂದ ಎಲ್‌ಪಿಟಿ1ನ್ನು ಇದೇ ಕಂಪ್ಯೂಟರ್‌ನ ಹಂಚಿಕೊಂಡ ಪ್ರಿಂಟರ್‌ಗೆ ಜೋಡಿಸುವುದು. ಯಾವಾಗ ಯಾರು ಹಾಕಿದ್ದೋ, ಯಾರಿಗೂ ನೆನಪಿಲ್ಲ. ಹೊಸ ಡಿಸ್ಕಿಗೆ ಅದು ಬಂದಿರಲಿಲ್ಲ.

ಮತ್ತೆ ಕಟ್ಟಿದ ಕ್ರಮ: ಪ್ರಿಂಟರನ್ನು ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರ್‌ನಿಂದ ಹಾಕಿ, ಸಣ್ಣ ಹೆಸರಿನಲ್ಲಿ ಶೇರ್ ಮಾಡಿ, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ, ವಿಂಡೋಸ್ ಖಾತೆಗೆ ಪಾಸ್‌ವರ್ಡ್ ಇಟ್ಟು (ಪಾಸ್‌ವರ್ಡ್ ಇಲ್ಲದ ಖಾತೆಯನ್ನು ನೆಟ್‌ವರ್ಕ್ ದಾರಿಯಲ್ಲಿ ವಿಂಡೋಸ್ ಒಳಗೆ ಬಿಡುವುದಿಲ್ಲ), ಆ ಬ್ಯಾಚ್ ಫೈಲನ್ನು ಸ್ಟಾರ್ಟಪ್‌ಗೆ ಹಾಕಿದರು. ಈ ಜೋಡಣೆ ಮಾಡಿದ ಸೆಷನ್‌ಗೆ ಮಾತ್ರ ಸೇರಿದ್ದು. ಸಾಮಾನ್ಯ ಬಳಕೆದಾರನಾಗಿ ಜೋಡಿಸಿದ ಎಲ್‌ಪಿಟಿ1 ಅಡ್ಮಿನ್ ಆಗಿ ಓಡುವ ಪ್ರೋಗ್ರಾಂಗೆ ಕಾಣುವುದೇ ಇಲ್ಲ. ಅಂದರೆ ಆ ಟಿಕ್ ಉಳಿದಿದ್ದರೆ ಎಷ್ಟು ಸಲ ನೆಟ್ ಯೂಸ್ ಹೊಡೆದರೂ ಚೀಟಿ ಬರುತ್ತಿರಲಿಲ್ಲ.

ಚೀಟಿ ಕಾಗದ 6 ಇಂಚಿನದು, ಇಂಚಿಗೆ 6 ಸಾಲಿನಂತೆ 36 ಸಾಲು. ಪ್ರೋಗ್ರಾಂ ತನ್ನದೇ ಸಂಕೇತದಿಂದ ಪುಟದ ಉದ್ದ ಹೇಳುತ್ತದೆ, ಎಲ್‌ಪಿಟಿ1 ದಾರಿಯಲ್ಲಿ ಅದು ಹಾಗೇ ಪ್ರಿಂಟರ್‌ಗೆ ಮುಟ್ಟುತ್ತದೆ. ವಿಂಡೋಸ್ ಡ್ರೈವರ್ ದಾರಿಯಲ್ಲಿ ಎ4 ಎಂದುಕೊಂಡರೆ ಪ್ರತಿ ಚೀಟಿಗೆ ಒಂದು ಖಾಲಿ ಚೀಟಿ ಓಡಿಹೋಗುತ್ತದೆ. ಇನ್ನೊಂದು: 24ಎಚ್2ರಿಂದ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಎಂಬ ಆಯ್ಕೆ ಇದೆ. ತಾನಾಗಿ ಆನ್ ಇರುವುದಿಲ್ಲ, ಸುರಕ್ಷಿತ ಎಂಬ ಹೆಸರು ನೋಡಿ ಒತ್ತಬಾರದು. ಹೊರಗಿನ ಡ್ರೈವರ್ ಬೇಡುವ ಹಳೆಯ ಪ್ರಿಂಟರುಗಳು ಅದರಲ್ಲಿ ಕೆಲಸ ಮಾಡವು.

ತಾರೀಕು, ಅಕ್ಷರ

ಫೆಬ್ರವರಿ 5ರ ದಿನದ ವರದಿ ಖಾಲಿ ಬಂತು. ಚೀಟಿಗಳು ಇವೆ, ವರದಿಯಲ್ಲಿ ಇಲ್ಲ. ವಿಂಡೋಸ್ ಹಾಕುವಾಗ ಇಂಗ್ಲಿಷ್ ಅಮೆರಿಕ ಎಂದೇ ಬಿಟ್ಟದ್ದರಿಂದ ಪ್ರೋಗ್ರಾಂ 05/02ನ್ನು ಮೇ 2 ಎಂದು ಓದಿ ಬರೆದಿತ್ತು. ಈ ದೋಷದ ಕುತಂತ್ರ ಏನೆಂದರೆ 13ನೇ ತಾರೀಕಿನಿಂದ ತಾನೇ ‘ಸರಿಹೋಗುತ್ತದೆ’: 13ನೇ ತಿಂಗಳು ಇಲ್ಲವಾದ್ದರಿಂದ ವಿಬಿ6 ಸದ್ದಿಲ್ಲದೆ ದಿನ ತಿಂಗಳು ಅದಲುಬದಲು ಮಾಡಿ ಓದುತ್ತದೆ. ಮತ್ತೆ ಮುಂದಿನ ತಿಂಗಳ 1ಕ್ಕೆ ಕೆಡುತ್ತದೆ. ರೀಜನ್ ಇಂಗ್ಲಿಷ್ ಇಂಡಿಯಾ ಮಾಡಿ, ಶಾರ್ಟ್ ಡೇಟನ್ನು ದಿನ, ತಿಂಗಳು, ವರ್ಷ ಕ್ರಮಕ್ಕೆ ಇಟ್ಟು, ಅಡ್ಮಿನಿಸ್ಟ್ರೇಟಿವ್ ಪುಟದಿಂದ ಹೊಸ ಖಾತೆಗಳಿಗೂ ಅದನ್ನೇ ನಕಲಿಸಿದರು. ಆಗಲೇ ತಪ್ಪು ತಾರೀಕು ಹೊತ್ತ ಚೀಟಿಗಳನ್ನು ಒಂದೊಂದಾಗಿ ತಿದ್ದಬೇಕಾಯಿತು.

ಕನ್ನಡ ತಲೆಬರಹ ಮೊದಲು ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಬಂತು. ನುಡಿ ಫಾಂಟನ್ನು ಡಬಲ್ ಕ್ಲಿಕ್ ಮಾಡಿ ಹಾಕಿದ್ದರು. ವಿಂಡೋಸ್ 10ರ 1809 ಆವೃತ್ತಿಯಿಂದ ಹೀಗೆ ಹಾಕಿದ ಫಾಂಟ್ ಆ ಬಳಕೆದಾರನ ಫೋಲ್ಡರ್‌ಗಷ್ಟೇ ಹೋಗುತ್ತದೆ, ಹಳೆಯ ಪ್ರೋಗ್ರಾಂಗಳಲ್ಲಿ ಕೆಲವಕ್ಕೆ ಅದು ಕಾಣುವುದಿಲ್ಲ. ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿದ ಮೇಲೆ ತಲೆಬರಹ ಓದುವಂತಾಯಿತು. ಕನ್ನಡ ಕೆಟ್ಟಿದೆಯೆಂದು ರೀಜನ್ ಸೆಟ್ಟಿಂಗ್‌ನ ಯುಟಿಎಫ್-8 (ಯೂನಿಕೋಡ್) ಬೀಟಾ ಪೆಟ್ಟಿಗೆ ಟಿಕ್ ಮಾಡುವವರಿದ್ದಾರೆ. ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳು ಅದರಿಂದ ಇನ್ನಷ್ಟು ಒಡೆಯುತ್ತವೆ. ತುಂಗಾ ಫಾಂಟಿನಲ್ಲಿ ಪತ್ರ ಮಾಡಿಟ್ಟವರಿಗೆ ಬೇರೆ ಮಾತು: ಅದು ಈಗ ಆಪ್ಷನಲ್ ಫೀಚರ್ಸ್‌ನಲ್ಲಿರುವ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹಾಕಿದರಷ್ಟೇ ಬರುತ್ತದೆ.

ಈಗಿನ ಸ್ಥಿತಿ

ಎಲ್ಲ ಮುಗಿದ ಮೇಲೆ ಖಾಲಿ ಕಾಟಾ, ಖಾಲಿ ಟ್ರ್ಯಾಕ್ಟರ್, ತುಂಬಿದ ಲಾರಿ ಮೂರರಲ್ಲೂ ಇಂಡಿಕೇಟರ್ ಮತ್ತು ಸ್ಕ್ರೀನ್ ತಾಳೆ ನೋಡಿದರು. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ ಆನ್ ಮಾಡಿದ ಮೇಲೂ, ಬೇರೆ ಖಾತೆಯಿಂದ ಲಾಗಿನ್ ಆದಾಗಲೂ ನೋಡಿದರು. ಎಲ್‌ಪಿಟಿ1 ಜೋಡಣೆ ಬಿಟ್ಟುಹೋಗುವುದು ಇಂಥ ಹೊತ್ತಿಗೇ. ಬ್ಯಾಚ್ ಫೈಲಿನ ಸಾಲು, ಕಾಮ್1, 2400, ಫೋಲ್ಡರ್‌ನ ಜಾಗ, ‘ಅಡ್ಮಿನ್ ಟಿಕ್ ಮಾಡಬೇಡಿ’ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕ್ಯಾಬಿನೆಟ್‌ನ ಒಳಬಾಗಿಲಿಗೆ ಅಂಟಿಸಲಾಗಿದೆ. ಹಳೆಯ 120 ಜಿಬಿ ಡಿಸ್ಕ್ ಮುಂದಿನ ಸುಗ್ಗಿ ಮುಗಿಯುವವರೆಗೆ ಡ್ರಾಯರ್‌ನಲ್ಲೇ ಇರುತ್ತದೆ. ಅದರ ಮೇಲೆ ಪೆನ್ನಿನಲ್ಲಿ ಬರೆದಿದೆ: 48,212ರವರೆಗೆ.